ಬಡಗಿ : ಮರ :: ಚಮ್ಮಾರ : ?



ಭಾನುವಾರ ಸಾಲಗುಂದದಾಗ ನಮ್ಮ ಓಣಿಯ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಗೆ ಹೇಳಿಕೊಡ್ತಿದ್ದೆ. ಗೈಡಿನಲ್ಲಿ ಮೇಲಿನ ಪ್ರಶ್ನೆ ಬಂತು. ಉತ್ತರ ಎಲ್ಲರಿಗೂ ಗೊತ್ತು. ಒಬ್ಬ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು, "ಕಾಕಾ, ಇದನ್ನ ಬರೀಲೇಬೇಕೇನು?" ಅಂದಳು. ಅವಳ ತಾತ ಚಪ್ಪಲಿ ಹೊಲಿಯುತ್ತಿದ್ದರು. "ಬರಿಯವ್ವಾ, ಒಂದು ಅಂಕ ಬಿಡಬ್ಯಾಡ" ಅಂದೆ. ಅಂದದ್ದು ಸರಿಯೇ, ಆದರೂ ಮನಸ್ಸು ತಡೀಲಿಲ್ಲ.

ಈ 'ಪದ ಸಂಬಂಧ' ಪ್ರಶ್ನೆಗೆ ಒಂದು ಚರಿತ್ರೆ ಇದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸೈನಿಕರಿಗೆ ಬುದ್ಧಿಪರೀಕ್ಷೆ ಮಾಡಿತು. ಓದು ಬಲ್ಲವರ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗಳಿದ್ದವು. ಕಾರ್ಲ್ ಬ್ರಿಗಮ್ ಎಂಬ ಮನಶ್ಶಾಸ್ತ್ರಜ್ಞ ಆ ಅಂಕಗಳನ್ನೇ ಹಿಡಿದು 1923ರಲ್ಲಿ ಪುಸ್ತಕ ಬರೆದ: ಉತ್ತರ ಯುರೋಪಿನ ಬಿಳಿಯರು ಹುಟ್ಟಿನಿಂದಲೇ ಜಾಣರು, ಕಪ್ಪುಜನ ಕೆಳಗಿನವರು ಅಂತ. 1926ರಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ರೂಪಿಸಿದವನೂ ಅವನೇ. 1930ರಲ್ಲಿ ತನ್ನ ವಾದಕ್ಕೆ ಬುಡವಿಲ್ಲ ಅಂತ ತಾನೇ ಒಪ್ಪಿಕೊಂಡ. ಪ್ರಶ್ನೆಗಳು ಮಾತ್ರ ಉಳಿದವು. ಮುಂದೆ ಒಮ್ಮೆ 'ಓಟಗಾರ : ಮ್ಯಾರಥಾನ್' ಕೊಟ್ಟು, 'ಹುಟ್ಟು ಹಾಕುವವ : ದೋಣಿ ಸ್ಪರ್ಧೆ' ಅನ್ನೋ ಉತ್ತರ ಕೇಳಿದರು. ದೋಣಿ ಸ್ಪರ್ಧೆ ಶ್ರೀಮಂತರ ಮಕ್ಕಳಿಗೆ ಗೊತ್ತು, ಬಡವರ ಕೇರಿಯ ಮಗುವಿಗೆಲ್ಲಿ ಗೊತ್ತು? ಕೊನೆಗೆ 2005ರಲ್ಲಿ ಈ ಭಾಗವನ್ನೇ ಎಸ್‌ಎಟಿಯಿಂದ ತೆಗೆದರು.

ನಮ್ಮ ಮಕ್ಕಳಿಗೆ ಉತ್ತರ ಚೆನ್ನಾಗೇ ಗೊತ್ತು. ಪೆಟ್ಟು ಬೀಳೋದು ಅಲ್ಲೇ. ಇಂಥ ಲೆಕ್ಕ ಬಿಡಿಸಬೇಕಾದರೆ ಮೊದಲು ಸಂಬಂಧವನ್ನ ವಾಕ್ಯ ಮಾಡಬೇಕು: 'ಬಡಗಿ ಮರದ ಕೆಲಸ ಮಾಡ್ತಾನ.' ಎರಡನೇ ಜೋಡಿಗೂ ಅದೇ ವಾಕ್ಯ, ಅದೇ ಕ್ರಮ. ಆದರೆ 'ಚಮ್ಮಾರ' ಊರಾಗ ಬರೀ ಕೆಲಸದ ಹೆಸರಲ್ಲ, ಜಾತಿಯ ಹೆಸರು. ಆಗ ವಾಕ್ಯ ಬದಲಾಗ್ತದ: 'ಇವರು ಹುಟ್ಟಿದ್ದೇ ಇದಕ್ಕ.' ಜಾತಿ ಅಂದ್ರೆ ಕೆಲಸದ ವಿಭಜನೆ ಅಷ್ಟೇ ಅಲ್ಲ, ಕೆಲಸಗಾರರನ್ನೇ ವಿಭಜಿಸೋದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿದ್ದರು. ಗೈಡು ಅದನ್ನೇ ನಾಲ್ಕು ಚುಕ್ಕಿಯಲ್ಲಿ ಕಲಿಸ್ತದ.

ಹಾಗಂತ ಈ ವಿದ್ಯೆ ಬಿಡಬ್ಯಾಡ್ರಿ. ಎಸ್‌ಡಿಎ, ಎಫ್‌ಡಿಎ, ಪಿಎಸ್‌ಐ ಅಂತ ಹೋಗೋ ಮಕ್ಕಳು ಕಲೀಲೇಬೇಕು. ನಾಲ್ಕು ವಾರದ ಅಭ್ಯಾಸಕ್ಕೆ ನಮ್ಮ ಹುಡುಗರ ತಪ್ಪು ಅರ್ಧಕ್ಕೆ ಇಳಿದಾವ. ಅಭ್ಯಾಸಕ್ಕೆ ಬರೋದು ಹುಟ್ಟುಗುಣ ಹೆಂಗಾದೀತು? ಪ್ರಶ್ನೆಗೂ ಬರವಿಲ್ಲ: 'ಭತ್ತ : ನಾಟಿ :: ಜೋಳ : ಬಿತ್ತನೆ.' ನಮ್ಮ ಕಾಲುವೆ ಸೀಮೆಯ ಮಗು ಥಟ್ಟಂತ ಹೇಳ್ತದ.

ನಿಮ್ಮೂರಿನ ಗೈಡು, ಪ್ರಶ್ನೆಪತ್ರಿಕೆಗಳಲ್ಲಿ ಜಾತಿ ಹೆಸರಿನ ಇಂಥ ಜೋಡಿ ಕಂಡರೆ ಫೋಟೋ ತೆಗೆದು ಕಳಿಸ್ರಿ. ಪಟ್ಟಿ ಮಾಡಿ ಶಿಕ್ಷಣ ಇಲಾಖೆಗೆ ಮನವಿ ಕೊಡೋಣ. ಮನವಿ ಟೈಪ್ ಮಾಡೋ ಕೆಲಸ ಈ ಗುಮಾಸ್ತನಿಗೇ ಇರಲಿ.

ಜೈ ಭೀಮ್.