ಶಂಕಿತರ ಪಟ್ಟಿಯಿಂದ ಸಮುದಾಯದ ಸಮೀಕ್ಷೆಗೆ: ಕರ್ನಾಟಕದ ಲೈಂಗಿಕ ಅಲ್ಪಸಂಖ್ಯಾತರ ಆರೋಗ್ಯ ಸಂಶೋಧನೆ

ಯಾವುದೇ ಸಮುದಾಯದ ಆರೋಗ್ಯದ ಬಗ್ಗೆ ಸರ್ಕಾರಕ್ಕೆ ಎಷ್ಟು ತಿಳಿದಿದೆ ಎಂಬುದು, ಆ ಸಮುದಾಯವನ್ನು ಅದು ಯಾವ ಉದ್ದೇಶಕ್ಕಾಗಿ ಎಣಿಸತೊಡಗಿತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಸಲಿಂಗಾಸಕ್ತರು, ದ್ವಿಲಿಂಗಾಸಕ್ತರು ಹಾಗೂ ಹುಟ್ಟಿದಾಗ ಗುರುತಿಸಲಾದ ಲಿಂಗವನ್ನು ತಮ್ಮದೆಂದು ಒಪ್ಪದ ಟ್ರಾನ್ಸ್‌ಜೆಂಡರ್ ಜನರನ್ನು ಒಟ್ಟಾಗಿ ಲೈಂಗಿಕ ಅಲ್ಪಸಂಖ್ಯಾತರೆಂದು ಕರೆಯುವ ರೂಢಿಯಿದೆ. ಇವರಲ್ಲಿ ಹಿಜಡಾ ಸಮುದಾಯವನ್ನು ಬ್ರಿಟಿಷ್ ಆಡಳಿತವು ಎಣಿಸಿದ್ದು ಶಂಕಿತರೆಂದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಉತ್ತರ ಭಾರತದ ಪ್ರಾಂತಗಳಲ್ಲಿ ಇವರ ಹೆಸರು, ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ನೀಡಿತು; ಪಟ್ಟಿಗೆ ಸೇರಿದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟ್ ಇಲ್ಲದೆ ಬಂಧಿಸಬಹುದಾಗಿತ್ತು, ಉಯಿಲು ಬರೆಯುವ ಮತ್ತು ದತ್ತು ಪಡೆಯುವ ಹಕ್ಕೂ ಅವರಿಗೆ ಉಳಿಯಲಿಲ್ಲ.

ಇದೇ ಬಗೆಯ ಕಾಯಿದೆಯೊಂದನ್ನು ಹೈದರಾಬಾದ್ ಸಂಸ್ಥಾನವು 1919ರಲ್ಲಿ ಜಾರಿಗೊಳಿಸಿದಾಗ ಕಲಬುರಗಿ, ಬೀದರ, ರಾಯಚೂರು ಸೀಮೆಗಳು ಆ ಸಂಸ್ಥಾನದೊಳಗೇ ಇದ್ದವು. ವಸಾಹತು ಕಾಲದ ಈ ಆಲೋಚನೆ ಆ ಕಾಲದೊಂದಿಗೇ ಮುಗಿಯಿತೆನ್ನಲು ಬಾರದು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿಸಲಾದ 36ಎ ಕಲಮು ಅಂಥದೇ ಪಟ್ಟಿ ತಯಾರಿಸುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೆ ಕೊಟ್ಟಿತು. ಸಮುದಾಯದ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2016ರಲ್ಲಿ ಅದರ ಪದಗಳನ್ನು ತಿದ್ದಲಾಯಿತು.

ಆರೋಗ್ಯದ ಲೆಕ್ಕವು ಆರಂಭವಾದದ್ದು ಎಚ್‌ಐವಿಯಿಂದ. 1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದವು, 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಸ್ಥಾಪನೆಯಾಯಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮವು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳನ್ನು ಆರಿಸಿಕೊಂಡಿತು. ಅದೇ ವರ್ಷ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ತಡೆ ಸಂಸ್ಥೆಗಳ ಸಹಭಾಗಿತ್ವದಲ್ಲಿ ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ರೂಪುಗೊಂಡಿತು. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದ ಅನೇಕ ಯುವಜನರು ಈ ಯೋಜನೆಗಳಲ್ಲಿ ಆಪ್ತಸಮಾಲೋಚಕರಾಗಿಯೂ ಕ್ಷೇತ್ರ ಮೇಲ್ವಿಚಾರಕರಾಗಿಯೂ ಕೆಲಸಕ್ಕೆ ಸೇರಿದರು. ಬಸ್ ನಿಲ್ದಾಣ, ಉದ್ಯಾನ, ಸಾರ್ವಜನಿಕ ಶೌಚಾಲಯಗಳಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಸೇರುತ್ತಾರೆಂಬುದನ್ನು ಗುರುತಿಸಿ ನಕ್ಷೆ ಮಾಡುವುದು ಕೆಲಸದ ಮೊದಲ ಹಂತವಾಗಿತ್ತು. ಸಮುದಾಯದೊಳಗಿನಿಂದಲೇ ಆರಿಸಲಾದ ಪೀರ್ ಎಜುಕೇಟರುಗಳು ಆ ಜಾಗಗಳಿಗೆ ಹೋಗಿ ಕಾಂಡೋಮ್ ಹಂಚಿ, ಜನರನ್ನು ಕ್ಲಿನಿಕ್ಕಿಗೆ ಕರೆತಂದು, ಓದುಬರಹ ಬಾರದವರೂ ತುಂಬಬಹುದಾದ ಚಿತ್ರಗಳ ಹಾಳೆಯಲ್ಲಿ ಎಲ್ಲವನ್ನೂ ಗುರುತು ಹಾಕುತ್ತಿದ್ದರು. ಈ ಹಾಳೆಗಳ ಮೂಲಕ ಸಮುದಾಯದವರು ತಮ್ಮ ಮಾಹಿತಿಯನ್ನು ತಾವೇ ದಾಖಲಿಸತೊಡಗಿದ್ದು ಈ ಚರಿತ್ರೆಯ ಮುಖ್ಯ ತಿರುವು.

ಆದರೆ ಹಾಳೆಯಲ್ಲಿದ್ದ ಅಂಕಣಗಳು ಎಚ್‌ಐವಿ ಕಾರ್ಯಕ್ರಮಕ್ಕೆ ಬೇಕಾದವು ಮಾತ್ರ. ಗುಹ್ಯರೋಗದ ತಪಾಸಣೆಗೆ ತಪ್ಪದೆ ಬಂದ ವ್ಯಕ್ತಿಯ ರಕ್ತದೊತ್ತಡವನ್ನಾಗಲೀ ವೈದ್ಯರ ಸಲಹೆಯಿಲ್ಲದೆ ನುಂಗುತ್ತಿದ್ದ ಹಾರ್ಮೋನ್ ಮಾತ್ರೆಯನ್ನಾಗಲೀ ಬರೆಯಲು ಅಲ್ಲಿ ಜಾಗವಿರಲಿಲ್ಲ. ಹಿಜಡಾ ಸಮುದಾಯದಲ್ಲಿ ನಿರ್ವಾಣವೆಂದು ಕರೆಯಲಾಗುವ ಜನನಾಂಗ ತೆಗೆಯುವ ಶಸ್ತ್ರಕ್ರಿಯೆಯು ಬಹುಕಾಲ ಆಸ್ಪತ್ರೆಗಳ ಹೊರಗೇ ನಡೆಯಿತು. ಪುಂಸತ್ವಹರಣವನ್ನು ಭಾರತೀಯ ದಂಡ ಸಂಹಿತೆಯ 320ನೆಯ ಕಲಮು ಘೋರ ಗಾಯವೆಂದು ಪಟ್ಟಿ ಮಾಡಿದ್ದರಿಂದ ವೈದ್ಯರು ಹಿಂಜರಿದರು, ಹೀಗಾಗಿ ಅದರಿಂದ ಉಂಟಾದ ಸೋಂಕು, ಮೂತ್ರದ ತೊಂದರೆಗಳು ವೈದ್ಯಕೀಯ ದಾಖಲೆಗೆ ಬರುವುದು ಅಪರೂಪವಾಗಿತ್ತು. ‘ಪುರುಷರೊಂದಿಗೆ ಲೈಂಗಿಕ ಸಂಬಂಧವಿರುವ ಪುರುಷರು’ ಎಂಬ ಒಂದೇ ವರ್ಗದೊಳಗೆ ಹೆಣ್ಣಿನ ಹಾವಭಾವವುಳ್ಳ ಕೋಥಿಗಳು, ಹಿಜಡಾಗಳು, ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು ಎಲ್ಲರನ್ನೂ ಸೇರಿಸಿದ್ದು ಇನ್ನೊಂದು ಕುಂದು. ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆ ನುಡಿಸುವ ಜೋಗಪ್ಪನ ಬದುಕಿಗೂ ಬೆಂಗಳೂರಿನ ಹಮಾಮ್, ಅಂದರೆ ಸ್ನಾನದ ಮನೆಯನ್ನು ಆಶ್ರಯಿಸಿದ ಹಿಜಡಾಗಳ ಬದುಕಿಗೂ ಇರುವ ದೂರವನ್ನು ಅಂಥ ವರ್ಗೀಕರಣ ಹಿಡಿಯಲಾರದು.

ಪ್ರಶ್ನೆಯ ದಿಕ್ಕು ಬದಲಾದದ್ದು ಮಾನವ ಹಕ್ಕುಗಳ ಕಾರ್ಯಕರ್ತರಿಂದ. ನಾಗರಿಕ ಸ್ವಾತಂತ್ರ್ಯಗಳಿಗಾಗಿ ದುಡಿಯುವ ಪಿಯುಸಿಎಲ್ ಸಂಘಟನೆಯ ಕರ್ನಾಟಕ ಘಟಕವು 2001 ಮತ್ತು 2003ರಲ್ಲಿ ಪ್ರಕಟಿಸಿದ ಎರಡು ವರದಿಗಳು ಮನೆ, ಬೀದಿ, ಪೊಲೀಸ್ ಠಾಣೆಗಳಲ್ಲಿ ಈ ಜನ ಅನುಭವಿಸಿದ ಹಿಂಸೆಯನ್ನು ಅವರ ಮಾತುಗಳಲ್ಲೇ ದಾಖಲಿಸಿದವು. ಅದೇ ಅವಧಿಯಲ್ಲಿ ವಿನಯ್ ಚಂದ್ರನ್ ಮತ್ತು ಅರವಿಂದ್ ನಾರಾಯಣ್ ಬೆಂಗಳೂರಿನ ಮನೋವೈದ್ಯರನ್ನು ಸಂದರ್ಶಿಸಿ ಸಲಿಂಗಾಸಕ್ತಿಯ ವೈದ್ಯಕೀಕರಣವನ್ನು ಪರಿಶೀಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲೇ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದ್ದರೂ ಅದನ್ನು ‘ಗುಣಪಡಿಸುವ’ ಯತ್ನಗಳು ಭಾರತದಲ್ಲಿ ನಿಂತಿರಲಿಲ್ಲ. ರೋಗಿಯ ಬದಲು ವೈದ್ಯರನ್ನೇ ಅಧ್ಯಯನದ ವಸ್ತುವಾಗಿಸಿದ ಆ ಕೆಲಸವು ಗಾತ್ರದಲ್ಲಿ ಚಿಕ್ಕದಾದರೂ ದೊಡ್ಡ ಸಮೀಕ್ಷೆಗಳು ಕೇಳದ ಪ್ರಶ್ನೆಯನ್ನು ಕೇಳಿತು.

ಅಮೆರಿಕದ ಸಂಶೋಧಕ ಇಲನ್ ಮೇಯರ್ 1995ರಿಂದ ಮುಂದಕ್ಕೆ ಬೆಳೆಸಿದ ‘ಅಲ್ಪಸಂಖ್ಯಾತ ಒತ್ತಡ’ ಸಿದ್ಧಾಂತವು ಈ ದೃಷ್ಟಿಗೆ ಸಮೀಪದ್ದು. ಅವಮಾನ, ಹಿಂಸೆ ಮತ್ತು ಗುರುತನ್ನು ಮುಚ್ಚಿಡುವ ನಿತ್ಯದ ಶ್ರಮಗಳೇ ಮಾನಸಿಕ ಅನಾರೋಗ್ಯವನ್ನು ಹೆಚ್ಚಿಸುತ್ತವೆ ಎಂಬುದು ಅದರ ಸಾರ. ಈ ಅರ್ಥದಲ್ಲಿ ಆರೋಗ್ಯ ಅಸಮಾನತೆ ಎಂದರೆ ಸಾಮಾಜಿಕ ಸ್ಥಾನದಿಂದ ಹುಟ್ಟುವ, ತಪ್ಪಿಸಬಹುದಾದ ವ್ಯತ್ಯಾಸ. ಉದಾಹರಣೆಗೆ, ನ್ಯಾಕೋದ 2014–15ರ ಸಮೀಕ್ಷೆಯಲ್ಲಿ ಹಿಜಡಾ ಹಾಗೂ ಟ್ರಾನ್ಸ್‌ಜೆಂಡರ್ ಜನರಲ್ಲಿ ಎಚ್‌ಐವಿ ಪ್ರಮಾಣ ಶೇ 7.5ರಷ್ಟಿದ್ದು, ದೇಶದ ವಯಸ್ಕರಲ್ಲಿ ಅದು ಶೇ 0.26ರಷ್ಟೆಂದು ಅಂದಾಜಿಸಲಾಗಿತ್ತು. ಈ ಅಂತರವನ್ನು ಕೇವಲ ವೈಯಕ್ತಿಕ ನಡತೆಯಿಂದ ವಿವರಿಸುವುದು ಶಾಲೆ, ಮನೆ, ಉದ್ಯೋಗಗಳಿಂದ ಅವರನ್ನು ಹೊರಗಿಟ್ಟ ಸಮಾಜವನ್ನು ಲೆಕ್ಕದಿಂದಲೇ ಬಿಟ್ಟಂತೆ.

ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಮಾನ್ಯ ಮಾಡಿದ 2014ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು, 2017ರ ರಾಜ್ಯ ಟ್ರಾನ್ಸ್‌ಜೆಂಡರ್ ನೀತಿ, ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ 377ನೆಯ ಕಲಮನ್ನು ಸೀಮಿತಗೊಳಿಸಿದ 2018ರ ತೀರ್ಪು ಇವು ಹಕ್ಕಿನ ನೆಲೆಯನ್ನು ಗಟ್ಟಿಗೊಳಿಸಿದವು. ಅಂಕಿಅಂಶಗಳು ಆ ವೇಗದಲ್ಲಿ ಬೆಳೆಯಲಿಲ್ಲ. ಲಿಂಗದ ಅಂಕಣದಲ್ಲಿ ‘ಇತರೆ’ ಎಂದು ಬರೆಸಿದವರನ್ನು ಪ್ರತ್ಯೇಕವಾಗಿ ಎಣಿಸಿದ 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 20,266 ಜನ ದಾಖಲಾದರು. ಅವರಲ್ಲಿ ಎಷ್ಟು ಮಂದಿಗೆ ಸಕ್ಕರೆ ಕಾಯಿಲೆಯಿದೆ, ಮುಪ್ಪಿನಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಆ ಗಣತಿ ಕೇಳಲಿಲ್ಲ. ಲೆಸ್ಬಿಯನ್ ಮಹಿಳೆಯರು ಮತ್ತು ಟ್ರಾನ್ಸ್ ಪುರುಷರು ಎಚ್‌ಐವಿ ಕಾರ್ಯಕ್ರಮದ ಗುರಿ ಗುಂಪುಗಳೊಳಗೆ ಬರದ ಕಾರಣ ಅದರ ಸಮೀಕ್ಷೆಗಳಿಂದಲೂ ಹೊರಗೇ ಉಳಿದರು.