ಕಿರುತೆರೆಯ ಆಟಿಸಂ, ವಾಸ್ತವದ ತಪಾಸಣೆ

ತೆರೆಯ ಮೇಲೆ ರೋಗನಿರ್ಣಯ ಒಂದೇ ದೃಶ್ಯದಲ್ಲಿ ಮುಗಿಯುತ್ತದೆ. ವಾಸ್ತವದಲ್ಲಿ ಆಟಿಸಂ ಅನ್ನು ದೃಢಪಡಿಸುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ಮಗುವಿನ ಮಾತು, ಆಟ, ಒಡನಾಟ, ಬೆಳೆದುಬಂದ ಬಗೆ ಇವುಗಳನ್ನೇ ತಜ್ಞರು ಪರಿಶೀಲಿಸುತ್ತಾರೆ. ಅಮೆರಿಕದ ‘ದಿ ಗುಡ್ ಡಾಕ್ಟರ್’ (2017-2024) ಧಾರಾವಾಹಿಯ ನಾಯಕನಿಗಿರುವ ಅಸಾಧಾರಣ ಪ್ರತಿಭೆ ಆಟಿಸಂನ ಲಕ್ಷಣವಲ್ಲ. ಬಹುತೇಕರಲ್ಲಿ ಅದು ಇರುವುದಿಲ್ಲ.

ಎಡಿಎಚ್‌ಡಿ ಎಂದರೆ ಬರೀ ತುಂಟತನವೂ ಅಲ್ಲ. 2013ರ ಡಿಎಸ್ಎಂ-5 ಮಾನದಂಡದಂತೆ ಲಕ್ಷಣಗಳು ಕನಿಷ್ಠ 6 ತಿಂಗಳು, ಮನೆ-ಶಾಲೆಯಂತಹ ಎರಡು ಕಡೆಯಾದರೂ ಕಾಣಬೇಕು. ಕೆಲವಾದರೂ 12 ವರ್ಷಕ್ಕೆ ಮುನ್ನವೇ ಇದ್ದಿರಬೇಕು.

ಆದ್ದರಿಂದ ದೊಡ್ಡಬಳ್ಳಾಪುರ, ಹೊಸಕೋಟೆಗಳಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಡುವ ಪಾಲಕರು ಸ್ಕ್ಯಾನಿಗೆ ಹಣ ಸುರಿಯುವ ಮುನ್ನ ತಾಯಿ ಕಾರ್ಡ್, ಶಿಕ್ಷಕರ ಟಿಪ್ಪಣಿ, ಮಗು ಆಡುವಾಗ ತೆಗೆದ ಮೊಬೈಲ್ ವಿಡಿಯೊ ಜೋಡಿಸಿಕೊಳ್ಳುವುದು ಲೇಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಧಾರಾವಾಹಿಗಳು ಎರಡನ್ನೂ ಒಂದೆಂಬಂತೆ ತೋರಿಸಿದರೆ ಪ್ರಮಾಣಪತ್ರಕ್ಕಾಗಿ ಅಲೆಯುವವರು ಪಾಲಕರೇ.