ಪ್ಲೇಟಿಗೆ ಹತ್ತದ ದನಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿ ನಾವು ಅಮೀರ್‌ಬಾಯಿ ಕರ್ನಾಟಕಿಯ ಗ್ರಾಮಫೋನ್ ಪ್ಲೇಟು ಹುಡುಕುತ್ತಿದ್ದೇವೆ. ಯಾರೀಕೆ ಅಂತ ಕೇಳುವವರೇ ಹೆಚ್ಚು. ಬೀಳಗಿಯ ಮುಸ್ಲಿಂ ಹೆಣ್ಣುಮಗಳು. ಬೊಂಬಾಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ಮನೆಮಾತಾದಳು. ಕನ್ನಡದಲ್ಲೂ ಹಾಡಿದಳು. 1965ರಲ್ಲಿ ತೀರಿಕೊಂಡಳು. ನಾಡು ಮರೆಯಿತು.

ಅವು ಅರಗಿನ ಪ್ಲೇಟು. ನಿಮಿಷಕ್ಕೆ 78 ಸುತ್ತು, ಮಗ್ಗುಲಿಗೆ ಮೂರು ನಿಮಿಷದ ಹಾಡು. ಕೈಜಾರಿದರೆ ಚೂರು. ಹುಡುಕಬೇಕಾದ್ದು ಉಳ್ಳವರ ಮನೆ ಅಟ್ಟದಲ್ಲೇ. ಕೇರಿಯಲ್ಲಿ ಹಾಡೋ ಪೆಟ್ಟಿಗೆ ಎಲ್ಲಿತ್ತು? ನಮ್ಮವರು ಜಗಲಿಯಾಚೆ ಬೀದಿಯಲ್ಲಿ ನಿಂತು ಕೇಳಿದವರು.

ಅಮೆರಿಕದ ಕರಿಯರ ಸೋಲ್ ಹಾಡಿನ ಕತೆಯೂ ದೂರದ್ದಲ್ಲ. ಅಮೀರ್‌ಬಾಯಿ ಸತ್ತ ವರ್ಷವೇ ಫ್ರಾಂಕ್ ವಿಲ್ಸನ್ ಹಾಡಿದ ಒಂದು ಪ್ಲೇಟಿನ ಬಹುಪಾಲು ಪ್ರತಿಗಳು ನಾಶವಾದವು. ಉಳಿದ ಒಂದು 2009ರಲ್ಲಿ 25,000 ಪೌಂಡಿಗೂ ಮೇಲೆ ಹರಾಜಾಯಿತು. ಹಣ ಹೋದದ್ದು ಪ್ಲೇಟು ಇಟ್ಟುಕೊಂಡವನಿಗೆ.

ಆದರೂ ಇವರ ದನಿ ಉಳಿಯಿತು. ಹೊನ್ನಾಳಿಯ ಗದ್ದೆಯಲ್ಲಿ ನಾಟಿ ಹಾಕುತ್ತ, ಜಗಳೂರಿನ ಬೆದ್ದಲಲ್ಲಿ ಕಳೆ ಕೀಳುತ್ತ, ರಾತ್ರಿ ರಾಗಿ ಬೀಸುತ್ತ ಹಾಡಿದ ನಮ್ಮ ಅವ್ವಂದಿರನ್ನು ಯಾವ ಕಂಪನಿ ಕರೆಯಿತು? ಹಾಡಿಗೆ ‘ಜನಪದ’ ಅಂತ ಹೆಸರಿಟ್ಟರು. ಹಾಡಿದವಳ ಹೆಸರು ಬಿಟ್ಟರು.

ಗೆಳೆಯರೆ, ಮೇಷ್ಟ್ರೆ, ಅಟ್ಟ ಹುಡುಕಿ, ಅಮೀರ್‌ಬಾಯಿಯನ್ನು ಉಳಿಸಿ. ಹಾಗೇ ಕೇರಿಗೂ ಬನ್ನಿ. ಜೇಬಿನ ಮೊಬೈಲು ತೆಗೆದು ಅವ್ವನ ಮುಂದೆ ಕೂತು ಹಾಡಿಸಿಕೊಳ್ಳಿ. ಅವಳ ಹೆಸರು, ಊರು, ತಾರೀಖು ಬರೆದಿಡಿ. ಒಡೆದ ಪ್ಲೇಟಿನ ಚೂರಾದರೂ ಸಿಗುತ್ತೆ. ಅವ್ವ ಹೋದರೆ ಅದೂ ಇಲ್ಲ.